ತೊಟ್ಟಿಲು ಯಾರದು?

2025ರ ಮೇ ತಿಂಗಳ ಕೊನೆಯ ರಾತ್ರಿ. ನಮ್ಮ ಗಡಿಯಾರದಲ್ಲಿ ಆಗಲೇ ಜೂನ್ ಹುಟ್ಟಿ ಒಂದೂವರೆ ತಾಸಾಗಿತ್ತು. ನೀರು ಕುಡಿಯಲೆಂದು ಎದ್ದು ಬಂದರೆ ಪಡಸಾಲೆಯಲ್ಲಿ ಟಿವಿ ನಡೆದೇ ಇದೆ. ದನಿಯನ್ನು ಪೂರ್ತಿ ಇಳಿಸಿ, ಗೋಡೆಗೆ ಆತು, ಮಗ ನೆಲದ ಮೇಲೆ ಕೂತಿದ್ದಾನೆ. 

‘ಯಾರದೋ ಆಟ?’ ಎಂದೆ. 

‘ಪ್ಯಾರಿಸ್‌ನವರದು. ಫೈನಲ್. ನೀ ಮಲಕೋ ಹೋಗವ್ವಾ.’

ನಾನು ಹೋಗಿ ಮಲಗಲಿಲ್ಲ. ನನಗೆ ಫುಟ್‌ಬಾಲ್ ತಿಳಿಯುವುದಿಲ್ಲ, ಆದರೆ ಮಗನ ಮುಖ ಓದಲು ಬರುತ್ತದೆ. ಹತ್ತು ವರ್ಷದಿಂದ ಅವನು ಈ ತಂಡದ ಸಲುವಾಗಿ ಊಟ ಬಿಟ್ಟದ್ದುಂಟು, ಮಾತು ಬಿಟ್ಟದ್ದುಂಟು. ಅಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ತಂಡ ಇಟಲಿಯ ಇಂಟರ್ ಮಿಲಾನ್ ತಂಡವನ್ನು ಐದು ಗೋಲುಗಳಿಂದ ಸೋಲಿಸಿತು. ಎದುರಿನವರಿಗೆ ಒಂದೂ ಇಲ್ಲ. ಯುರೋಪಿನ ಕ್ಲಬ್ಬುಗಳಿಗೆ ಅತಿ ದೊಡ್ಡದೆನ್ನಿಸುವ ಚಾಂಪಿಯನ್ಸ್ ಲೀಗ್ ಕಪ್ಪು ಅವರಿಗೆ ಸಿಕ್ಕಿದ್ದು ಅದೇ ಮೊದಲು. ಮಗ ಕುಣಿಯಲಿಲ್ಲ. ಮಂಡಿಯ ಮೇಲೆ ಗಲ್ಲ ಇಟ್ಟುಕೊಂಡು ಸುಮ್ಮನೆ ಕೂತಿದ್ದ.

ಎರಡು ದಿನ ಬಿಟ್ಟು ಅವನ ಕಪಾಟು ಒರೆಸುವಾಗ ಬಾಗಿಲ ಒಳಬದಿಗೆ ಅಂಟಿಸಿದ್ದ ಒಂದು ಸ್ಟಿಕ್ಕರು ಕಂಡಿತು. ಆ ಕ್ಲಬ್ಬಿನ ಹಳೆಯ ಲಾಂಛನ. ನೀಲಿಯ ನಡುವೆ ಕೆಂಪಿನ ಐಫೆಲ್ ಗೋಪುರ. ಗೋಪುರದ ಕಾಲುಗಳ ನಡುವೆ ಏನೋ ಒಂದು ಚಿಕ್ಕ ಆಕೃತಿ. 

‘ಇದು ದೋಣಿ ಏನೋ?’ 

‘ಅಲ್ಲವ್ವಾ, ತೊಟ್ಲ. ಹದಿನಾಲ್ಕನೆಯ ಲೂಯಿ ರಾಜಾ ಹುಟ್ಟಿದ ಊರಂತ ತೊಟ್ಲ ಇಟ್ಟಿದ್ರು. ಈಗ ಅದು ಇಲ್ಲ. ಹೊಸಾ ಮಾಲಕರು ಬಂದ ಮ್ಯಾಲೆ 2013ರಾಗ ತಗದ್ರು.’

ಒರೆಸುವ ಬಟ್ಟೆ ನನ್ನ ಕೈಯಲ್ಲೇ ಉಳಿಯಿತು. ತೊಟ್ಟಿಲು ತೆಗೆದರು ಎಂಬ ಮಾತು ನನಗೆ ಹೊಸದಲ್ಲ.

ನನ್ನ ತವರಿನಲ್ಲಿ ಒಂದು ಕಲಘಟಗಿ ತೊಟ್ಟಿಲಿತ್ತು. ಅರಗಿನ ಬಣ್ಣದ್ದು. ಕೆಂಪು ಹಳದಿ ಪಟ್ಟಿಗಳ ನಡುವೆ ಬಾಲಕೃಷ್ಣನ ಚಿತ್ರಗಳು, ಮೇಲೆ ತೂಗುವ ಮರದ ಗಿಳಿಗಳು. ಅಜ್ಜಿಯ ತವರಿನಿಂದ ಬಂದದ್ದಂತೆ. ನಮ್ಮಪ್ಪ, ನಾವು ನಾಲ್ಕು ಜನ, ಆಮೇಲೆ ಅಣ್ಣನ ಮಕ್ಕಳು, ಎಲ್ಲರೂ ಅದರಲ್ಲೇ ಮಲಗಿ ಎದ್ದವರು. ಅಪ್ಪ ಹೋದ ಮೇಲೆ ಮಣ್ಣಿನ ಮಾಳಿಗೆ ಸೋರತೊಡಗಿತು. ಅಣ್ಣ ಸಾಲ ಮಾಡಿ ಮನೆಯನ್ನು ಕೆಡವಿ ಕಟ್ಟಿಸಿದ. ಸ್ಲ್ಯಾಬು ಹಾಕಿಸಿದ. ಅವ್ವನ ಮಂಡಿನೋವಿಗೆ ಅನುಕೂಲವಾಗಲೆಂದು ಅವಳ ಕೋಣೆಗೆ ಹತ್ತಿಕೊಂಡೇ ಬಚ್ಚಲು ಮಾಡಿಸಿದ. ಗೃಹಪ್ರವೇಶಕ್ಕೆ ಹೋದಾಗ ತೊಟ್ಟಿಲು ಕಾಣಲಿಲ್ಲ. ಕೇಳಿದರೆ, ಹಳೇ ಸಾಮಾನಿನವನಿಗೆ ಹಾಕಿದೆ ಎಂದ. ನಾನು ಅಲ್ಲೇ ಕಣ್ಣೀರು ಹಾಕಿದೆ. ಬಂದ ನೆಂಟರ ಮುಂದೆ, ‘ರೊಕ್ಕ ಹಾಕಿದವರು ಮನೀನೂ ಅವರದು, ನೆನಪೂ ಅವರದು’ ಎಂದುಬಿಟ್ಟೆ. ಅಣ್ಣ ತಿರುಗಿ ಒಂದೇ ಮಾತು ಆಡಿದ: ‘ಆ ತೊಟ್ಲ ಬೇಕಂತ ನೀ ಒಂದ್ ಸಲಾನೂ ಅಂದಿದ್ದಿಲ್ಲಲ್ಲ.’ 

ಅದಾಗಿ ಎಷ್ಟೋ ವರ್ಷವಾದವು. ನಾವಿಬ್ಬರೂ ಮಾತಾಡುತ್ತೇವೆ, ಹಬ್ಬಕ್ಕೆ ಹೋಗಿ ಬಂದು ಮಾಡುತ್ತೇವೆ. ಆದರೆ ಆ ಪ್ರಶ್ನೆ ಹಾಗೇ ಉಳಿದಿದೆ. ಹಣ ಕೊಟ್ಟು ಮನೆ ಉಳಿಸಿದವನಿಗೆ ತೊಟ್ಟಿಲು ತೆಗೆಯುವ ಹಕ್ಕು ಇದೆಯೇ? ಹಣ ಕೊಡದವರಿಗೆ ಅದು ಬೇಕೆಂದು ಅಳುವ ಹಕ್ಕು ಇದೆಯೇ?

ಮಗನ ಕ್ಲಬ್ಬಿನ ಕಥೆಯನ್ನು ನಾನು ಅವನ ಬಾಯಿಂದಲೂ, ಅವನು ತಂದುಕೊಟ್ಟ ಪುಸ್ತಕಗಳಿಂದಲೂ ತಿಳಿಯುತ್ತ ಹೋದದ್ದು ಈ ಪ್ರಶ್ನೆಯ ಜಾಡಿನಲ್ಲೇ.

ಪ್ಯಾರಿಸ್ ಅಷ್ಟು ದೊಡ್ಡ ನಗರ, ಆದರೆ 1960ರ ದಶಕದ ಕೊನೆಗೆ ಅಲ್ಲಿ ಹೆಸರು ಹೇಳಿಕೊಳ್ಳುವಂಥ ಫುಟ್‌ಬಾಲ್ ತಂಡವೇ ಇರಲಿಲ್ಲ. ಹಳೆಯ ಕ್ಲಬ್ಬುಗಳು ಕರಗಿಹೋಗಿದ್ದವು. ಆಗ ಕೆಲವರು ಸೇರಿ ಪ್ಯಾರಿಸ್ ಎಫ್‌ಸಿ ಎಂಬ ಹೆಸರಿನ ಕ್ಲಬ್ಬು ಮಾಡಿದರು. ಕಾಗದದ ಮೇಲೆ ಕ್ಲಬ್ಬು ಇತ್ತು, ಆಡಲು ತಂಡ ಇರಲಿಲ್ಲ. ಪ್ಯಾರಿಸ್‌ನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿ ಸೇಂಟ್ ಜರ್ಮೈನ್ ಎಂಬ ಊರಿದೆ. 1638ರಲ್ಲಿ ಹದಿನಾಲ್ಕನೆಯ ಲೂಯಿ ಹುಟ್ಟಿದ್ದು ಅಲ್ಲಿನ ಅರಮನೆಯಲ್ಲಿ. ಆ ಊರಿಗೆ 1904ರಷ್ಟು ಹಳೆಯ ಒಂದು ತಂಡವಿತ್ತು, ಹಣವಿರಲಿಲ್ಲ. ಹೆಸರು ಇದ್ದವರೂ ಆಟ ಇದ್ದವರೂ 1970ರಲ್ಲಿ ಕೂಡಿದರು. ಹುಟ್ಟುವ ಮೊದಲೇ ಆ ಕ್ಲಬ್ಬಿಗಾಗಿ ಜನರಲ್ಲಿ ಮನವಿ ಮಾಡಿಕೊಂಡಿದ್ದರು. ಸುಮಾರು 20,000 ಮಂದಿ ಹಣ ಕಟ್ಟಿ ಸದಸ್ಯರಾದರು. ನಮ್ಮಲ್ಲಿ ಊರ ಗುಡಿಗೆ ಪಟ್ಟಿ ಎತ್ತುತ್ತೇವಲ್ಲ, ಅದೇ ಬಗೆ. ಇಂದು ಜಗತ್ತಿನ ಶ್ರೀಮಂತ ಕ್ಲಬ್ಬುಗಳಲ್ಲಿ ಒಂದೆನ್ನಿಸಿಕೊಂಡಿರುವುದು ಹುಟ್ಟಿದ್ದು ಹೀಗೆ, ಪಟ್ಟಿ ಎತ್ತಿದ ಹಣದಲ್ಲಿ.

ಮೊದಲ ವರ್ಷವೇ ತಂಡ ಎರಡನೆಯ ದರ್ಜೆಯಿಂದ ಮೊದಲ ದರ್ಜೆಗೆ ಏರಿತು. ಏರಿದ ಮೇಲೆ ಮನೆಯಲ್ಲಿ ಜಗಳ ಎದ್ದಿತು. ನಮ್ಮ ಹಣ ಬೇಕಾದರೆ ಹೆಸರಿನಲ್ಲಿ ಪ್ಯಾರಿಸ್ ಮಾತ್ರ ಇರಲಿ, ಆ ಹಳ್ಳಿಯ ಹೆಸರು ಬೇಡ ಎಂದಿತು ಪ್ಯಾರಿಸ್ ನಗರಸಭೆ. ಸೇಂಟ್ ಜರ್ಮೈನ್‌ನವರು ಒಪ್ಪಲಿಲ್ಲ. 1972ರಲ್ಲಿ ಹಿಸ್ಸೆಯಾಯಿತು. ದುಡ್ಡು ಪಡೆದು ಆಡುವ ಆಟಗಾರರು, ಮೊದಲ ದರ್ಜೆಯ ಸ್ಥಾನ, ಎಲ್ಲ ಪ್ಯಾರಿಸ್ ಎಫ್‌ಸಿಯ ಪಾಲಿಗೆ ಹೋದವು. ಹೆಸರು ಬಿಡದವರಿಗೆ ಹೆಸರಷ್ಟೇ ಉಳಿಯಿತು. ಅವರು ಮೂರನೆಯ ದರ್ಜೆಗೆ ಇಳಿದು, ಹವ್ಯಾಸಿ ಹುಡುಗರನ್ನು ಕಟ್ಟಿಕೊಂಡು ಮತ್ತೆ ಮೊದಲಿನಿಂದ ಹೊರಟರು. ಎರಡೇ ವರ್ಷದಲ್ಲಿ, 1974ರಲ್ಲಿ, ಅವರು ಮೇಲೆ ಬಂದರು. ಅದೇ ವರ್ಷ ಪ್ಯಾರಿಸ್ ಎಫ್‌ಸಿ ಕೆಳಗಿಳಿಯಿತು. ಪಾರ್ಕ್ ದೆ ಪ್ರಿನ್ಸ್ ಎಂಬ ದೊಡ್ಡ ಕ್ರೀಡಾಂಗಣ ತಮ್ಮನ ಕೈಗೆ ಬಂತು. 

ಲಾಂಛನದಲ್ಲಿ ತೊಟ್ಟಿಲು ಬಂದದ್ದು ಈ ಹಿಸ್ಸೆಯ ಕಾಲದಲ್ಲಿ ಎಂದು ತಿಳಿದಾಗ ನನಗೆ ಅದರ ಬೆಲೆ ಗೊತ್ತಾಯಿತು. ಅಲ್ಲಿಯ ತನಕ, ರಾಜನ ತೊಟ್ಟಿಲಂತೆ, ಹೋದರೆ ಹೋಯಿತು ಎನ್ನಿಸಿತ್ತು. ಆದರೆ ಅದು ರಾಜನ ಗುರುತಾಗಿ ಉಳಿದಿರಲಿಲ್ಲ. ಹೆಸರು ಮಾರಿಕೊಳ್ಳದೆ ಬಡತನಕ್ಕೆ ಇಳಿದವರ ಗುರುತಾಗಿತ್ತು.

ಇಷ್ಟು ಓದಿ, ನೋಡಿದಿರಾ, ಹಣ ಬರುವ ಮೊದಲು ಎಲ್ಲ ಎಷ್ಟು ಶುದ್ಧವಾಗಿತ್ತು ಎಂದುಬಿಡಲು ನನಗೂ ಆಸೆಯಾಯಿತು. ಕಥೆ ಹಾಗಿಲ್ಲ. ಹಣವಂತರು ಮೊದಲಿನಿಂದಲೂ ಬಂದರು. ಬಟ್ಟೆಯ ಉಡುಪುಗಳಿಗೆ ಹೆಸರಾದ ಡೇನಿಯಲ್ ಎಷ್ಟರ್ 1973ರಲ್ಲಿ ಕೈಹಾಕಿದ. ನೀಲಿ ಅಂಗಿಯ ನಡುವೆ ಬಿಳಿ ಅಂಚಿನ ಕೆಂಪು ಪಟ್ಟಿ, ಇಂದಿಗೂ ಆ ತಂಡದ ಗುರುತಾಗಿರುವ ಆ ವಿನ್ಯಾಸ ಅವನದೇ. ಕೊನೆಗೆ ಕಳ್ಳ ಟಿಕೇಟಿನ ವ್ಯವಹಾರದಲ್ಲಿ ಸಿಕ್ಕಿಬಿದ್ದು 1978ರಲ್ಲಿ ಅವನು ಹೊರಬಿದ್ದ. 1982ರಲ್ಲಿ ಮೊದಲ ಫ್ರೆಂಚ್ ಕಪ್ಪು, 1986ರಲ್ಲಿ ಮೊದಲ ಲೀಗ್ ಪ್ರಶಸ್ತಿ ಬಂದವು. ಸಾಲವೂ ಬೆಳೆಯಿತು. 1991ರಲ್ಲಿ ಕನಾಲ್ ಪ್ಲಸ್ ಎಂಬ ಟಿವಿ ಸಂಸ್ಥೆ ಬಂದು ಎತ್ತಿ ನಿಲ್ಲಿಸಿತು. ಮುಂದೆ ಲೈಬೀರಿಯಾ ದೇಶದ ಅಧ್ಯಕ್ಷನಾದ ಜಾರ್ಜ್ ವೀಯಾ ಆ ಕಾಲದಲ್ಲಿ ಇಲ್ಲಿ ಆಡಿದವನು. 2006ರಲ್ಲಿ ಟಿವಿಯವರೂ ಮಾರಿಹೋದರು. 2008ರಲ್ಲಿ ತಂಡ ಕೆಳದರ್ಜೆಗೆ ಬೀಳುವುದರಿಂದ ಉಳಿದದ್ದು ಋತುವಿನ ಕೊನೆಯ ದಿನದ ಆಟದಲ್ಲಿ.

ಅಭಿಮಾನಿಗಳೂ ಶುದ್ಧರಾಗಿರಲಿಲ್ಲ. ಕ್ರೀಡಾಂಗಣದ ಒಂದು ತುದಿಗೆ ಬೊಲೋನ್, ಇನ್ನೊಂದು ತುದಿಗೆ ಒತೈ ಎಂಬ ಅಗ್ಗದ ಟಿಕೇಟಿನ ಕಟ್ಟೆಗಳು. ಬೊಲೋನ್ ಕಡೆ ವರ್ಣದ್ವೇಷದ ಘೋಷಣೆ ಕೂಗುವ ಗುಂಪುಗಳಿದ್ದವು, ಒತೈ ಕಡೆ ಹಲವು ಬಣ್ಣದ, ಹಲವು ನಾಡಿನ ಹುಡುಗರು. ಎರಡೂ ಕಡೆಯವರು ಕೂಗುತ್ತಿದ್ದುದು ಒಂದೇ ತಂಡದ ಹೆಸರನ್ನು, ಹೊಡೆದಾಡುತ್ತಿದ್ದುದು ತಮ್ಮ ತಮ್ಮಲ್ಲೇ. 2010ರಲ್ಲಿ ಇಂಥ ಒಂದು ಬಡಿದಾಟದಲ್ಲಿ ಪೆಟ್ಟು ತಿಂದ ಒಬ್ಬ ಅಭಿಮಾನಿ ತೀರಿಕೊಂಡ. ಅದಾದ ಮೇಲೆ ಕ್ಲಬ್ಬಿನವರು ಆ ಕಟ್ಟೆಗಳ ವರ್ಷದ ಟಿಕೇಟುಗಳನ್ನು ರದ್ದು ಮಾಡಿದರು. ಯಾರಿಗೆ ಎಲ್ಲಿ ಜಾಗ ಎಂಬುದನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಗೆಳೆಯನ ಪಕ್ಕ ಗೆಳೆಯ ಕೂಡದಂತೆ. ಹೊಡೆದಾಟ ನಿಂತಿತು, ಹಾಡೂ ನಿಂತಿತು. ಆ ಗುಂಪುಗಳಿಂದ ಉಳಿದವರು ಸಂಘಟಿತರಾಗಿ ಮತ್ತೆ ಒಳಗೆ ಬಂದದ್ದು 2016ರಲ್ಲಿ.

ಅಂದರೆ 2011ರಲ್ಲಿ ಕತಾರ್ ದೇಶದ ಸರ್ಕಾರಿ ಹಣ ಬಂದು ನಿಂತಾಗ ಆ ಮನೆಯ ಮಾಳಿಗೆ ಸೋರುತ್ತಲೇ ಇತ್ತು. ಇದನ್ನು ಒಪ್ಪಿಕೊಳ್ಳುವುದು ನನಗೆ ಸುಲಭವಾಗಲಿಲ್ಲ. ಒಪ್ಪಿಕೊಂಡರೆ ಅಣ್ಣನ ಮಾಳಿಗೆಯನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಕತಾರ್‌ನವರು ಮೊದಲು ಹೆಚ್ಚಿನ ಪಾಲನ್ನು, ಮರುವರ್ಷ ಪೂರ್ತಿಯಾಗಿ ಕ್ಲಬ್ಬನ್ನು ಕೊಂಡರು. ಹಿಂದೆ ಟೆನಿಸ್ ಆಡುತ್ತಿದ್ದ ನಾಸಿರ್ ಅಲ್ ಖೆಲೈಫಿ ಅಧ್ಯಕ್ಷರಾದರು. 2012ರಲ್ಲಿ ಸ್ವೀಡನ್ನಿನ ಇಬ್ರಾಹಿಮೋವಿಚ್ ಬಂದ. 2013ರಿಂದ 2025ರವರೆಗಿನ ಹದಿಮೂರು ಲೀಗ್ ಪ್ರಶಸ್ತಿಗಳಲ್ಲಿ ಹನ್ನೊಂದು ಈ ತಂಡಕ್ಕೇ ಹೋದವು. 2013ರಲ್ಲೇ ಹೊಸ ಲಾಂಛನ ಬಂತು. ‘ಪ್ಯಾರಿಸ್’ ದೊಡ್ಡ ಅಕ್ಷರದಲ್ಲಿ, ‘ಸೇಂಟ್ ಜರ್ಮೈನ್’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ. ಹುಟ್ಟಿದ ವರ್ಷ 1970 ಇಲ್ಲ. ತೊಟ್ಟಿಲು ಇಲ್ಲ. ನಗರಸಭೆಗೆ 1972ರಲ್ಲಿ ಮಾಡಿಸಲಾಗದ ಕೆಲಸದಲ್ಲಿ ಅರ್ಧವನ್ನು ಹಣ ಸದ್ದಿಲ್ಲದೆ ಮಾಡಿಸಿತ್ತು. ಲೋಕದಲ್ಲೆಲ್ಲ ಅಂಗಿ ಮಾರಬೇಕಾದರೆ ಪ್ಯಾರಿಸ್ ಎಂಬ ಹೆಸರು ಓಡುತ್ತದೆ, ತೊಟ್ಟಿಲನ್ನು ಎಷ್ಟು ಜನರಿಗೆ ವಿವರಿಸುತ್ತ ಕೂಡುವುದು? ವ್ಯಾಪಾರದ ಮಾತು ಅದು. ತಪ್ಪೆಂದು ಹೇಳಲೂ ಆಗುವುದಿಲ್ಲ.

ಹಣ ಎಲ್ಲಿಂದ ಬಂತು ಎಂಬುದನ್ನೂ ಕೇಳಬೇಕಲ್ಲ. ಮನೆಗೆ ಅಳಿಯನನ್ನು ನೋಡುವಾಗ ಕೇಳುವುದಿಲ್ಲವೇ? ಕತಾರ್‌ನದು ನೆಲದಡಿಯ ಅನಿಲದಿಂದ ಬಂದ ಸಂಪತ್ತು. ಆ ದೇಶದ ರಸ್ತೆ, ಕಟ್ಟಡ, 2022ರ ವಿಶ್ವಕಪ್ಪಿನ ಕ್ರೀಡಾಂಗಣ ಕಟ್ಟಿದವರು ಭಾರತ, ನೇಪಾಳ, ಬಾಂಗ್ಲಾದೇಶಗಳಿಂದ ಹೋದವರು. ನಮ್ಮ ಭಟ್ಕಳ, ಉಡುಪಿ, ಮಂಗಳೂರು ಕಡೆಯ ಎಷ್ಟೋ ಮನೆಗಳ ಒಲೆ ಉರಿದದ್ದು ಕೊಲ್ಲಿ ದೇಶಗಳ ದುಡಿಮೆಯಿಂದ. ಅಲ್ಲಿ ಬಹಳ ಕಾಲ ಕೆಲಸಗಾರ ಮಾಲೀಕನ ಅನುಮತಿ ಇಲ್ಲದೆ ಕೆಲಸ ಬದಲಿಸುವಂತಿರಲಿಲ್ಲ, ದೇಶ ಬಿಡುವಂತಿರಲಿಲ್ಲ. ಹೊರಗಿನ ಒತ್ತಡ ಹೆಚ್ಚಿದ ಮೇಲೆ ಕಾನೂನು ಬದಲಾಯಿತು. 2021ರಲ್ಲಿ ತಿಂಗಳಿಗೆ 1,000 ರಿಯಾಲ್, ನಮ್ಮ ಲೆಕ್ಕದಲ್ಲಿ ಸುಮಾರು 20,000 ರೂಪಾಯಿ, ಕನಿಷ್ಠ ಕೂಲಿ ಎಂದಾಯಿತು. ಅದೇ 2021ರಲ್ಲಿ ಮೆಸ್ಸಿ ಪ್ಯಾರಿಸ್‌ಗೆ ಬಂದ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಮಗನಿಗೆ ತೋರಿಸಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಂಗಂತ ನಾ ಆಟ ನೋಡೂದು ಬಿಡ್ಲೇನವ್ವಾ?’ ಎಂದ. ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ನಾನು ಉಡುವ ಸೀರೆ, ಹಚ್ಚುವ ಗ್ಯಾಸು, ಇವುಗಳ ಹಿಂದೆ ಯಾರ ಬೆವರಿದೆ ಎಂದು ದಿನಾ ಕೇಳುವವಳಲ್ಲ ನಾನು. ಗೊತ್ತಿದ್ದೂ ನೋಡುವುದು ಬೇರೆ, ಗೊತ್ತು ಮಾಡಿಕೊಳ್ಳದೆಯೇ ನೋಡುವುದು ಬೇರೆ. ಅವನು ಇನ್ನು ಗೊತ್ತಿದ್ದು ನೋಡಲಿ ಎಂದುಕೊಂಡೆ.

ಇಷ್ಟು ಹಣ ಏನು ಕೊಂಡಿತು? 2017ರ ಫೆಬ್ರವರಿಯಲ್ಲಿ ಪ್ಯಾರಿಸ್ ತಂಡ ತನ್ನ ಅಂಗಳದಲ್ಲಿ ಬಾರ್ಸಿಲೋನಾವನ್ನು 4–0ಯಿಂದ ಸೋಲಿಸಿತು. ಮೂರು ವಾರ ಬಿಟ್ಟು ಅವರ ಅಂಗಳಕ್ಕೆ ಹೋಗಿ 6–1ರಿಂದ ಸೋತು ಹೊರಬಿದ್ದಿತು. ಅಂದು ಬಾರ್ಸಿಲೋನಾದ ಪರವಾಗಿ ಮೈಮೇಲೆ ಬಂದವನಂತೆ ಆಡಿದವನು ನೇಮರ್. ಆ ಬೇಸಿಗೆಯಲ್ಲಿ ಪ್ಯಾರಿಸ್‌ನವರು 22 ಕೋಟಿ 20 ಲಕ್ಷ ಯೂರೋ ಕೊಟ್ಟು ನೇಮರ್‌ನನ್ನೇ ಕೊಂಡು ತಂದರು. ಆಗಿನ ಲೆಕ್ಕದಲ್ಲಿ 1,600 ಕೋಟಿ ರೂಪಾಯಿಗೂ ಮಿಗಿಲು. ಒಬ್ಬ ಆಟಗಾರನಿಗೆ ಅಷ್ಟು ಹಣವನ್ನು ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಸೋತ ಅವಮಾನವನ್ನು ಹಣ ಕೊಟ್ಟು ಅಳಿಸಿಕೊಳ್ಳುವ ಈ ಬಗೆ ನನಗೆ ಅಪರಿಚಿತವಲ್ಲ. ನೆರೆಮನೆಯವರ ಮದುವೆ ನೋಡಿ ಬಂದು ಸಾಲ ಮಾಡಿ ಅದಕ್ಕಿಂತ ದೊಡ್ಡ ಮಂಟಪ ಹಾಕಿಸಿದವರನ್ನು ನೀವೂ ಕಂಡಿರುತ್ತೀರಿ.

ಅದೇ ವರ್ಷ ಎಂಬಾಪೆ ಬಂದ. ಮೊದಲು ಎರವಲಾಗಿ, ಆಮೇಲೆ 18 ಕೋಟಿ ಯೂರೋ ಬೆಲೆಗೆ. ಈ ಎಂಬಾಪೆ ಹುಟ್ಟಿದ್ದು ಪ್ಯಾರಿಸ್‌ನಲ್ಲಿ, ಬೆಳೆದದ್ದು ಅದರ ಮಗ್ಗುಲಿನ ಬೋಂದಿ ಎಂಬ ಬಡಾವಣೆಯಲ್ಲಿ. ಪಕ್ಕದ ಓಣಿಯ ಹುಡುಗನನ್ನು ಮೊನಾಕೊದವರಿಂದ ಚಿನ್ನದ ತೂಕಕ್ಕೆ ಕೊಂಡರು. ಇದಕ್ಕಿಂತ ಮನಸ್ಸಿಗೆ ನಾಟುವ ಸಂಗತಿ 2020ರದು. ಆ ವರ್ಷ ತಂಡ ಮೊದಲ ಬಾರಿಗೆ ಯುರೋಪಿನ ಫೈನಲ್ ಮುಟ್ಟಿತು. ಕೊರೋನಾ ಕಾಲ, ಲಿಸ್ಬನ್‌ನ ಖಾಲಿ ಕ್ರೀಡಾಂಗಣ. ಜರ್ಮನಿಯ ಬಾಯರ್ನ್ ತಂಡ 1–0ಯಿಂದ ಗೆದ್ದಿತು. ಆ ಒಂದೇ ಗೋಲು ಹೊಡೆದವನು ಕಿಂಗ್ಸ್ಲಿ ಕೋಮನ್. ಅವನು ಪ್ಯಾರಿಸ್‌ನವನೇ. ಈ ಕ್ಲಬ್ಬಿನಲ್ಲೇ ಚಿಕ್ಕಂದಿನಿಂದ ಕಲಿತವನು, ಹದಿನಾರರ ಹರೆಯದಲ್ಲಿ ಈ ಕ್ಲಬ್ಬಿಗೇ ಮೊದಲ ಆಟ ಆಡಿದವನು. ದೊಡ್ಡ ದೊಡ್ಡ ಹೆಸರುಗಳ ನಡುವೆ ತನಗೆ ಜಾಗವಿಲ್ಲವೆಂದು 2014ರಲ್ಲಿ ಬಿಟ್ಟುಹೋಗಿದ್ದ. ತೊಟ್ಟಿಲಲ್ಲಿದ್ದ ಕೂಸನ್ನು ಯಾರೂ ಎತ್ತಿಕೊಳ್ಳಲಿಲ್ಲ. ಅದು ಬೇರೆಯವರ ಮನೆಯಲ್ಲಿ ದೊಡ್ಡದಾಗಿ ಬಂದು ಬಾಗಿಲು ತಟ್ಟಿತು.

ಮೆಸ್ಸಿ, ನೇಮರ್, ಎಂಬಾಪೆ ಮೂವರೂ ಒಂದೇ ಅಂಗಿ ತೊಟ್ಟ ಎರಡು ವರ್ಷಗಳಲ್ಲಿ ಯುರೋಪಿನ ಕಪ್ಪು ಬರಲಿಲ್ಲ. ಮೆಸ್ಸಿಯಂಥ ಮೆಸ್ಸಿಗೆ ತನ್ನದೇ ಅಂಗಳದಲ್ಲಿ ತನ್ನದೇ ಅಭಿಮಾನಿಗಳು ಸಿಳ್ಳೆ ಹಾಕಿ ಅಣಕಿಸಿದರು. 2023ರಲ್ಲಿ ನೇಮರನ ಮನೆ ಮುಂದೆ ಹೋಗಿ ಹೊರಡು ಎಂದು ಕೂಗಿದರು. ಆ ವರ್ಷ ಮೆಸ್ಸಿಯೂ ನೇಮರೂ ಹೋದರು, ಮರುವರ್ಷ ಎಂಬಾಪೆ ಹೋದ. ಗೆದ್ದದ್ದು ಅವರೆಲ್ಲ ಹೋದ ಮೇಲೆ, 2025ರಲ್ಲಿ. 

ಇಲ್ಲಿಗೆ ಮುಗಿಸಿದರೆ ಚೆಂದದ ನೀತಿಕಥೆ. ದುಡ್ಡಿಗೆ ಕಪ್ಪು ಬರಲಿಲ್ಲ, ದುಡ್ಡು ಹೋದ ಮೇಲೆ ಬಂತು ಎನ್ನಬಹುದು. ಆದರೆ ಅದು ಸುಳ್ಳು. ಗೆದ್ದ ತಂಡವೂ ಕೋಟಿಗಟ್ಟಲೆ ಯೂರೋ ಸುರಿದು ಕಟ್ಟಿದ್ದೇ. ಅಂದು ಎರಡು ಗೋಲು ಹೊಡೆದ ಹತ್ತೊಂಬತ್ತರ ದೆಸಿರೆ ದುವೆಯನ್ನು ಹಿಂದಿನ ವರ್ಷವಷ್ಟೇ ಬೇರೆ ಕ್ಲಬ್ಬಿನಿಂದ ಕೊಂಡಿದ್ದರು. ಹಣದ ಕೈ ಬಿಗಿಯಾಗಿರಲಿಲ್ಲ, ಹಣಕ್ಕೆ ತಾಳ್ಮೆ ಬಂದಿತ್ತು, ಅಷ್ಟೇ. ಹೆಸರು ಮಾಡಿದವರನ್ನು ಕೊಳ್ಳುವ ಬದಲು ಹೆಸರು ಮಾಡಬೇಕಾದವರನ್ನು ಕೊಂಡು, ಕಾದು, ಬೆಳೆಸಿದರು. ಕೊನೆಯ ಐದನೆಯ ಗೋಲು ಮಾತ್ರ ಕೊಂಡದ್ದಲ್ಲ. ಬದಲಿಯಾಗಿ ಒಳಗೆ ಬಂದ ಸೆನ್ನಿ ಮಯೂಲು ಹೊಡೆದದ್ದು ಅದು. ಅವನಿಗೂ ಹತ್ತೊಂಬತ್ತು. ಪ್ಯಾರಿಸ್‌ನ ಹೊರವಲಯದ ಹುಡುಗ, ಕ್ಲಬ್ಬಿನ ಸ್ವಂತ ಶಾಲೆಯಲ್ಲಿ ಕಲಿತವನು. ಲಾಂಛನದಿಂದ ತೆಗೆದ ತೊಟ್ಟಿಲು ಎಲ್ಲೋ ಒಂದು ಕಡೆ ತೂಗುತ್ತಲೇ ಇತ್ತು. ಅದನ್ನು ತೂಗುವವರಿಗೆ ಸಂಬಳ ಕೊಡುತ್ತಿದ್ದುದೂ ಆ ಅನಿಲದ ಹಣವೇ.

ಹೆಣ್ಣುಮಕ್ಕಳ ತಂಡದ್ದೂ ಇದೇ ಕಥೆ. ಈ ಕ್ಲಬ್ಬಿನಲ್ಲಿ 1971ರಿಂದಲೇ ಮಹಿಳಾ ತಂಡವಿತ್ತು. ಗಂಡಸರ ತಂಡಕ್ಕೆ ಒಬ್ಬೊಬ್ಬರೇ ಸಾಹುಕಾರರು ಬಂದು ಹೋದರೂ ಇವರ ಕಡೆ ಯಾರೂ ಹೊರಳಿ ನೋಡಲಿಲ್ಲ. ಕತಾರ್‌ನ ಹಣ ಬಂದ ಮೇಲೆ ಅವರಿಗೂ ಬಲ ಬಂತು. 2015ರಲ್ಲೂ 2017ರಲ್ಲೂ ಅವರು ಯುರೋಪಿನ ಫೈನಲ್ ಆಡಿ ಸೋತರು. 2021ರಲ್ಲಿ, ಹದಿನಾಲ್ಕು ವರ್ಷ ಸತತವಾಗಿ ಫ್ರಾನ್ಸಿನ ಲೀಗ್ ಗೆದ್ದಿದ್ದ ಲಿಯೋನ್ ತಂಡವನ್ನು ಹಿಂದೆ ಹಾಕಿ ಮೊದಲ ಬಾರಿಗೆ ಚಾಂಪಿಯನ್ನರಾದರು. ತೊಟ್ಟಿಲು ತೆಗೆದ ಕೈಯೇ ಈ ಹೆಣ್ಣುಮಕ್ಕಳನ್ನು ಎತ್ತಿಕೊಂಡಿತು. ಯಾವುದನ್ನು ಜಮೆಗೆ ಬರೆಯಲಿ, ಯಾವುದನ್ನು ಖರ್ಚಿಗೆ? ಅವ್ವನ ಬಚ್ಚಲನ್ನು ನಾನು ನನ್ನ ಲೆಕ್ಕದಲ್ಲಿ ಎಂದೂ ಜಮೆಗೆ ಬರೆದಿರಲಿಲ್ಲ ಎಂಬುದು ಆಗ ಹೊಳೆಯಿತು.

ಇನ್ನೊಂದು ಸಂಗತಿ ಹೇಳಬೇಕು. 2017ರಲ್ಲಿ ಬಾರ್ಸಿಲೋನಾಗೆ ಆ ಆರು ಗೋಲಿನ ಗೆಲುವು ತಂದುಕೊಟ್ಟ ತರಬೇತುದಾರ ಲೂಯಿಸ್ ಎನ್ರಿಕೆ. 2023ರಲ್ಲಿ ಪ್ಯಾರಿಸ್‌ನವರು ಅವರನ್ನೇ ಕರೆತಂದರು. 2025ರಲ್ಲಿ ಗೆಲ್ಲಿಸಿದವರೂ ಅವರೇ. ಅವರಿಗೊಬ್ಬಳು ಚಿಕ್ಕ ಮಗಳಿದ್ದಳು. 2015ರಲ್ಲಿ ಬಾರ್ಸಿಲೋನಾ ಬರ್ಲಿನ್‌ನಲ್ಲಿ ಇದೇ ಕಪ್ಪು ಗೆದ್ದಾಗ ಆ ಮಗು ಅಪ್ಪನ ಜೊತೆ ಮೈದಾನಕ್ಕಿಳಿದು ಹುಲ್ಲಿನ ನಡುವೆ ತಂಡದ ಧ್ವಜ ನೆಟ್ಟಿತ್ತು. 2019ರಲ್ಲಿ, ಒಂಬತ್ತರ ವಯಸ್ಸಿಗೆ, ಎಲುಬಿನ ಕ್ಯಾನ್ಸರಿನಿಂದ ಅವಳು ತೀರಿಕೊಂಡಳು. ಮ್ಯೂನಿಕ್‌ನಲ್ಲಿ ಆಟ ಮುಗಿದ ಮೇಲೆ ಪ್ಯಾರಿಸ್ ಅಭಿಮಾನಿಗಳು ತಮ್ಮ ಕಟ್ಟೆಯಲ್ಲಿ ಒಂದು ದೊಡ್ಡ ಬಟ್ಟೆಯ ಚಿತ್ರವನ್ನು ಬಿಚ್ಚಿದರು. ಅಪ್ಪ ಮಗಳು ಮತ್ತೆ ಧ್ವಜ ನೆಡುತ್ತಿದ್ದಾರೆ. ಈ ಸಲ ಧ್ವಜ ಪ್ಯಾರಿಸ್‌ನದು. 

ಆ ರಾತ್ರಿ ಮಗ ಮಂಡಿಯ ಮೇಲೆ ಗಲ್ಲ ಇಟ್ಟು ಸುಮ್ಮನೆ ಕೂತದ್ದು ಆ ಚಿತ್ರ ಬಿಚ್ಚಿದಾಗ. ಬೇರೆ ಊರಿನವನು, ಒಂದು ಕಾಲಕ್ಕೆ ತಮ್ಮನ್ನು ನೆಲಕ್ಕೆ ತುಳಿದವನು, ಸಂಬಳಕ್ಕೆ ಬಂದವನು. ಅವನ ದುಃಖವನ್ನು ಈ ಜನ ತಮ್ಮದೆಂದುಕೊಂಡರು. ಅದನ್ನು ಅವರು ಮೊದಲೇ ಹೊಲಿದು, ಬಣ್ಣ ಬಳಿದು, ಮಡಚಿ ಹೊತ್ತು ತಂದಿದ್ದರು. ಗೆಲ್ಲುತ್ತೇವೋ ಇಲ್ಲವೋ ಎಂದು ಗೊತ್ತಾಗುವ ಮೊದಲೇ. ಅದೇ ರಾತ್ರಿ ಫ್ರಾನ್ಸಿನ ಬೀದಿಗಳಲ್ಲಿ ಗೆಲುವಿನ ಗದ್ದಲದ ನಡುವೆ ಇಬ್ಬರು ಸತ್ತರು, ನೂರಾರು ಜನರನ್ನು ಪೊಲೀಸರು ಹಿಡಿದರು. ಇದೂ ಅವರೇ, ಅದೂ ಅವರೇ. ಅಭಿಮಾನಿಗಳನ್ನು ದೇವರು ಮಾಡಿ ಮಾಲೀಕನನ್ನು ರಾಕ್ಷಸ ಮಾಡುವ ಕಥೆ ನನ್ನ ಕೈಲಿ ಬರೆಯಲಾಗದು.

ಆದರೂ ತೊಟ್ಟಿಲು ಯಾರದು ಎಂಬುದಕ್ಕೆ ನನಗೊಂದು ಉತ್ತರ ಅಲ್ಲಿಂದಲೇ ಸಿಕ್ಕಿತು. ಹಣ ಹಾಕಿದವನಿಗೆ ಹಕ್ಕು ಇದೆ, ಇಲ್ಲವೆನ್ನುವುದು ಬರೀ ಬಾಯಿಮಾತು. ನೆನಪು ಇಟ್ಟುಕೊಂಡವರಿಗೆ ನೋವು ಇದೆ, ಆದರೆ ನೋವೇ ಹಕ್ಕಾಗುವುದಿಲ್ಲ. ತೊಟ್ಟಿಲು ತೂಗಿದವರದು. 1972ರಲ್ಲಿ ಮೂರನೆಯ ದರ್ಜೆಗೆ ಇಳಿದು ಆಡಿದವರದು, ಹೊರವಲಯದ ಹುಡುಗರಿಗೆ ದಿನಾ ಸಂಜೆ ಚೆಂಡು ಒದೆಯಲು ಕಲಿಸುವ, ಯಾರಿಗೂ ಹೆಸರು ಗೊತ್ತಿಲ್ಲದ ಮೇಷ್ಟ್ರುಗಳದು, ಬಟ್ಟೆಯ ಮೇಲೆ ಆ ಚಿತ್ರ ಬರೆದ ಕೈಗಳದು. ಇವರನ್ನು ಮಾಲೀಕರು ಕೇಳುವುದಿಲ್ಲ. ಹಕ್ಕಿಗಾಗಿ ಅಳುವವರೂ ಕೇಳುವುದಿಲ್ಲ.

ಹೀಗೆಂದುಕೊಂಡ ಮೇಲೆ ನನ್ನ ತವರಿನ ತೊಟ್ಟಿಲನ್ನು ಕೊನೆಗೆ ತೂಗಿದವರು ಯಾರು ಎಂದು ಲೆಕ್ಕ ಹಾಕಿದೆ. ನಾನಲ್ಲ. ಅಣ್ಣನೂ ಅಲ್ಲ. ವೈನಿ. ಅವರ ಎರಡು ಮಕ್ಕಳು ಅದರಲ್ಲಿ ಬೆಳೆದವು. ಮುಂದೆ ನಮ್ಮವ್ವನನ್ನು ಏಳಿಸಿ ಕೂರಿಸಿ ಬಚ್ಚಲಿಗೆ ಕರೆದೊಯ್ದವರೂ ಅವರೇ. ಅಷ್ಟು ವರ್ಷ ಅಣ್ಣನೊಡನೆ ಒಳಗೊಳಗೇ ಜಗಳ ಕಾದಿದ್ದ ನಾನು ಆ ಜಗಳದಲ್ಲಿ ವೈನಿಯನ್ನು ಒಮ್ಮೆಯೂ ನೆನೆದಿರಲಿಲ್ಲ.

ಫೋನು ಮಾಡಿದೆ. ಆ ಮಾತು ಈ ಮಾತು ಆಡಿ, ‘ವೈನಿ, ಅವತ್ತ ತೊಟ್ಲ ಕೊಡೂ ಮುಂದ ಅಣ್ಣ ನಿಮ್ಮನ್ನ ಕೇಳಿದ್ದನೇನ್ರಿ?’ ಎಂದೆ. 

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಎಲ್ಲೀದ್ರಿ ಈಗ ಆ ಮಾತು’ ಎಂದರು. ಆಮೇಲೆ, ‘ಅವರೂ ಕೇಳ್ಲಿಲ್ಲ. ನೀವೂ ಅವತ್ತ ಅಷ್ಟು ಅತ್ರಿ, ನೀವೂ ಕೇಳ್ಲಿಲ್ಲ’ ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಫೋನಿಟ್ಟರು.

ಪ್ಯಾರಿಸ್‌ನಲ್ಲಿ 1972ರಲ್ಲಿ ಹಿಸ್ಸೆಯಾಗಿ ಹೋದ ಆ ಅಣ್ಣ, ಪ್ಯಾರಿಸ್ ಎಫ್‌ಸಿ, 2025ರಲ್ಲಿ ಮತ್ತೆ ಮೊದಲ ದರ್ಜೆಗೆ ಬಂತು. ಅದನ್ನೂ ಈಗ ಫ್ರಾನ್ಸಿನ ಅತಿ ಶ್ರೀಮಂತ ಮನೆತನವೊಂದು, ಅರ್ನೋ ಕುಟುಂಬ, ಕೊಂಡಿದೆ. ಅದು ಆಡಲು ಆರಿಸಿಕೊಂಡ ಕ್ರೀಡಾಂಗಣ ತಮ್ಮನ ಕ್ರೀಡಾಂಗಣಕ್ಕೆ ರಸ್ತೆ ದಾಟಿದರೆ ಸಿಗುತ್ತದೆ. ಐವತ್ತು ವರ್ಷದ ಮೇಲೆ ಇಬ್ಬರೂ ಎದುರುಬದುರು ಮನೆ ಮಾಡಿದ್ದಾರೆ, ಇಬ್ಬರ ಕೈಯಲ್ಲೂ ಬೇಕಾದಷ್ಟು ಹಣವಿದೆ. ಮಗ ಇದನ್ನು ಹೇಳಿ ನಕ್ಕ. ನಾನು ಶ್ರಾವಣದಲ್ಲಿ ತವರಿಗೆ ಹೋಗುವ ಬಸ್ಸಿನ ಹೊತ್ತು ನೋಡುತ್ತಿದ್ದೆ. ಈ ಸಲ ಅಣ್ಣನನ್ನು ನೋಡಲು ಅಲ್ಲ, ವೈನಿಯ ಹತ್ತಿರ ಕೂತು ಬರಲು.